ಕಾಫಿ ಕಣದಲ್ಲಿ ನಡೆದು ಕಲಿತ ಅಕ್ಷರ

ವಿದ್ಯೆಯು ಮನುಷ್ಯನನ್ನು ಅಜ್ಞಾನದ ಕತ್ತಲಿನಿಂದ ಮೇಲೆತ್ತಿ ಜ್ಞಾನದ ಬೆಳಕಿನಲ್ಲಿ ನಿಲ್ಲಿಸುತ್ತದೆ ಎಂಬುದು ಸರ್ವರೂ ಒಪ್ಪಿದ ಮಾತು. ನಾನು ಮೇಷ್ಟರಾಗಿದ್ದ ಶಾಲೆಯಲ್ಲಿ ಅದು ಮಗುವನ್ನು ಚಾಪೆಯಿಂದ ಮೇಲೆತ್ತಿ ಮೂಲೆಯಲ್ಲಿ ನಿಲ್ಲಿಸುತ್ತಿತ್ತು. ಮೂಲೆ ಸೋರುತ್ತಿದ್ದುದರಿಂದ ಮಳೆಗಾಲದಲ್ಲಿ ಅಷ್ಟೂ ಸಾಧ್ಯವಾಗುತ್ತಿರಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗರು ಆಗೊಮ್ಮೆ ಈಗೊಮ್ಮೆ ಬಂದು, "ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್?" ಎಂದು ಕೇಳುತ್ತಾರೆ. ಹೇಳತೊಡಗಿದರೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ನಿಲ್ಲುತ್ತಾರೆ. ಕಾಗದಕ್ಕೆ ಬಸ್ಸು ಹಿಡಿಯುವ ಅವಸರವಿಲ್ಲವಾದ್ದರಿಂದ ಅದಕ್ಕೇ ಹೇಳುತ್ತಿದ್ದೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ನನಗೆ ಬಂದ ಬಡ್ತಿ ಒಂದೇ. ಅದು ಬಂದಿದೆ ಎಂದು ತಿಳಿಯುವ ಹೊತ್ತಿಗೆ ನಿವೃತ್ತಿಯೂ ಬಂದು ಬಾಗಿಲಲ್ಲಿ ಕೂತಿತ್ತು. ನಾನು ಬರೆಯುವುದು ಮಾವಿನಹಕ್ಲು ಶಾಲೆಯ ಕತೆ. ಮಹಾರಾಜರ ಆಳ್ವಿಕೆಯ ಕಾಲ. ಸ್ವಾತಂತ್ರ್ಯ ಇನ್ನೂ ದೂರವಿತ್ತು; ಮಾವಿನಹಕ್ಲುವಿಗೆ ಮೂಡಿಗೆರೆಯೂ ಅಷ್ಟೇ ದೂರವಿತ್ತು.

ನಾನು ಕಡೂರು ಕಡೆಯ ಬಯಲುಸೀಮೆಯವನು. ಆ ಕಾಲದಲ್ಲಿ ನಮ್ಮ ಕಡೆಯವರಿಗೆ ಮಲೆನಾಡು ಎಂದರೆ ಜ್ವರ. ಕಳಸದ ದಾರಿಯ ಶಾಲೆಗೆ ವರ್ಗವಾದವನನ್ನು ಊರವರು ಬಸ್ಸಿನವರೆಗೆ ಕಳಿಸಿಕೊಡುವ ರೀತಿಯೇ ಬೇರೆ ಇತ್ತು. ಮರಳಿ ಕಾಣುವ ಭರವಸೆ ಇಟ್ಟುಕೊಂಡವರ ಹಾಗೆ ಯಾರೂ ನಡೆದುಕೊಳ್ಳುತ್ತಿರಲಿಲ್ಲ. ನನಗೆ ಜ್ವರವೇನೋ ಬಂದು ಹೋಯಿತು. ಬಾರದೆಯೇ ಹೋದದ್ದು ಮದುವೆ. ಎರಡು ಕಡೆ ಹೆಣ್ಣು ನೋಡಲು ಹೋಗಿದ್ದೆ. ಎರಡನೆಯ ಮನೆಯಲ್ಲಿ ಉಪ್ಪಿಟ್ಟು ತಟ್ಟೆಯಲ್ಲಿ ಅರ್ಧ ಇರುವಾಗ ಹುಡುಗಿಯ ಸೋದರಮಾವ, "ಕೆಲಸ ಯಾವೂರಲ್ಲಿ?" ಎಂದು ಕೇಳಿದರು. ಹೇಳಿದೆ. ಅವರು ಎದ್ದು ಒಳಗೆ ಹೋದರು. ಕಾಫಿ ಬರಲಿಲ್ಲ. ಕಾಫಿ ಬೆಳೆಯುವ ನಾಡಿನಿಂದ ಬಂದವನಿಗೆ ಅದೇ ಸಿಗದೆ ಹೋದದ್ದನ್ನು ವಿಧಿಯ ವಿನೋದವೆಂದು ಭಾವಿಸಿ, ಉಪ್ಪಿಟ್ಟನ್ನು ಪೂರ್ತಿ ತಿಂದು ಎದ್ದೆ. ಆಮೇಲೆ ಮೂರನೆಯ ಮನೆಗೆ ಹೋಗಲಿಲ್ಲ.

ಮಾವಿನಹಕ್ಲು ಊರು ಎನ್ನುವುದಕ್ಕಿಂತ ಒಂದು ಕಾಫಿ ತೋಟ ಎನ್ನುವುದೇ ಸರಿ. ತೋಟದ ಧಣಿಗಳಾದ ಗೌಡರು ತಮ್ಮ ಹಳೆಯ ಗೋದಾಮಿನ ಅರ್ಧವನ್ನು ಶಾಲೆಗೆ ಬಿಟ್ಟುಕೊಟ್ಟಿದ್ದರು. ಉಳಿದ ಅರ್ಧದಲ್ಲಿ ಕಾಫಿ ಹೊಟ್ಟು ತುಂಬಿತ್ತು. ನಡುವೆ ಬಿದಿರಿನ ತಟ್ಟಿ. ಮುಂಭಾಗ ಶಾಲೆ, ಹಿಂಭಾಗದಲ್ಲಿ ಒಂದು ಒಲೆ, ಒಂದು ಮಂಚ, ಒಬ್ಬ ಮೇಷ್ಟರು. ತೋಟದ ಲೆಕ್ಕ ನೋಡುವ ರೈಟರ್ ಶೀನಪ್ಪನವರು ಘಟ್ಟದ ಕೆಳಗಿನವರು, ದಪ್ಪ ಆಳು, ಮಾತಿಗೆ ಕೊರತೆಯಿಲ್ಲ. ನಾನು ಬಂದ ದಿನ ಬೀಗ ತೆಗೆದು ತೋರಿಸಿ, "ಹೊಟ್ಟಿನ ವಾಸನೆ ಮೊದಲು ಸ್ವಲ್ಪ ಕಷ್ಟ ಮೇಷ್ಟ್ರೇ. ಆಮೇಲೆ ಅದೇ ಒಂದು ಜನ ಇದ್ದ ಹಾಗೆ ಆಗ್ತದೆ" ಎಂದರು. ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಒಂದು ಮಳೆಗಾಲ ಕಳೆದ ಮೇಲೆ ಅದು ತಮಾಷೆ ಅಲ್ಲವೆಂದು ತಿಳಿಯಿತು.

ಅಲ್ಲಿಯ ಶಾಲೆಯ ವರ್ಷ ಬಯಲುಸೀಮೆಯ ವರ್ಷದಂತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಘಟ್ಟದ ಕೆಳಗಿನಿಂದ ಆಳುಗಳ ಸಂಸಾರಗಳು ಬಂದು, ಅವರಿಗೆಂದೇ ಸಾಲಾಗಿ ಕಟ್ಟಿದ ಲೈನು ಮನೆಗಳು ತುಂಬುತ್ತಿದ್ದವು. ಮಳೆ ಹಿಡಿಯುವ ಮುಂಚೆ ಎಲ್ಲರೂ ಗಂಟುಮೂಟೆ ಕಟ್ಟಿ ಇಳಿದು ಹೋಗುತ್ತಿದ್ದರು. ಆಮೇಲೆ ಶಾಲೆಯಲ್ಲಿ ಉಳಿಯುತ್ತಿದ್ದುದು ತೋಟದಲ್ಲೇ ನೆಲೆನಿಂತವರ ನಾಲ್ಕೈದು ಮಕ್ಕಳು. ಅವರಲ್ಲಿ ತಪ್ಪದೆ ಬರುತ್ತಿದ್ದವಳು ಸೀತು ಒಬ್ಬಳೇ. ಕಾಫಿ ಒಣಗಿಸುವ ಕಣದ ಮೇಸ್ತ್ರಿ ಬಾಬಣ್ಣನ ಮಗಳು, ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಬಂದು, ಅದನ್ನು ಬಾಗಿಲಲ್ಲಿ ಕೊಡವಿ, "ನಾನೊಬ್ಳೇನಾ ಇವತ್ತೂ?" ಎಂದು ಕೇಳಿ ಕೂರುವಳು. ಅವಳು ಮನೆಗೆ ಹೋದ ಮೇಲೆ ಮರುದಿನ ಅವಳು ಬರುವವರೆಗೆ ನನ್ನ ಬಾಯಿಗೆ ಅನ್ನದ ಹೊರತು ಬೇರೆ ಕೆಲಸವಿರಲಿಲ್ಲ.

ಬಾಯಿಪಾಠದ ಬೆಲೆ ನನಗೆ ತಿಳಿದದ್ದು ಆಗ. ಈಗಿನವರು ಬಾಯಿಪಾಠವನ್ನು ಗಿಳಿಪಾಠ ಎಂದು ಹೀಯಾಳಿಸುತ್ತಾರೆ. ಹಾಗೆನ್ನುವವರು ತಗಡಿನ ಮಾಡಿನ ಕೆಳಗೆ ಆಷಾಢದಲ್ಲಿ ಪಾಠ ಹೇಳಿ ನೋಡಬೇಕು. ಮಧ್ಯಾಹ್ನಕ್ಕೇ ಕತ್ತಲು, ಸ್ಲೇಟು ಕಾಣುವುದಿಲ್ಲ, ಹಲಗೆ ಕಾಣುವುದಿಲ್ಲ. ಮಳೆಯ ಸದ್ದಿಗಿಂತ ಗಟ್ಟಿಯಾಗಿ ಮಗ್ಗಿ ಕೂಗುವುದೊಂದೇ ಸಾಧ್ಯವಿದ್ದ ವಿದ್ಯೆ. ಜೊತೆಗೆ ಅದಕ್ಕೊಂದು ವಿಶೇಷ ಗುಣವಿದೆ: ಮಗ್ಗಿ ಹೇಳುವವನಿಗೆ ಎದುರಿಗೆ ಯಾರೂ ಇರಬೇಕಾಗಿಲ್ಲ. ಎಷ್ಟೋ ಸಂಜೆ ಒಲೆಯ ಮುಂದೆ ಕೂತು ಹತ್ತೊಂಬತ್ತರ ಮಗ್ಗಿಯನ್ನು ರಾಗವಾಗಿ ಹೇಳಿದ್ದೇನೆ. ತಟ್ಟಿಯ ಆಚೆಯ ಹೊಟ್ಟು ಗಮನವಿಟ್ಟು ಕೇಳುತ್ತಿತ್ತು.

ಇನ್ನು ಮೇಲಧಿಕಾರಿಗಳ ವಿಷಯ. ನನ್ನ ಕಾಲದಲ್ಲಿ ಮಾವಿನಹಕ್ಲುವಿಗೆ ನಾಲ್ವರು ಇನ್‌ಸ್ಪೆಕ್ಟರುಗಳು ದಯಮಾಡಿಸಿದರು. ವಿದ್ಯೆ ಎಂದರೇನು ಎಂಬ ವಿಷಯದಲ್ಲಿ ನಾಲ್ವರಿಗೂ ಖಚಿತವಾದ ಅಭಿಪ್ರಾಯವಿತ್ತು, ಮತ್ತು ಅವು ನಾಲ್ಕು ಅಭಿಪ್ರಾಯಗಳಾಗಿದ್ದವು.

ಮೊದಲನೆಯವರಿಗೆ ವಿದ್ಯೆ ಎಂದರೆ ಪಠ್ಯಪುಸ್ತಕ. ಅದರಲ್ಲಿ 'ಮಳೆಯಿಂದಾಗುವ ಪ್ರಯೋಜನಗಳು' ಎಂದು ಒಂದು ಪಾಠವಿತ್ತು. ಬರೆದವರು ನಮ್ಮ ಕಡೆಯವರಿರಬೇಕು. ಆಕಾಶದ ಕಡೆ ಮುಖಮಾಡಿ ನಿಂತ ರೈತನ ಚಿತ್ರವೂ ಇತ್ತು. ಇನ್‌ಸ್ಪೆಕ್ಟರು ಸೀತುವನ್ನು ಎಬ್ಬಿಸಿ ನಿಲ್ಲಿಸಿ, "ಮಳೆ ಬಾರದಿದ್ದರೆ ಏನಾಗುತ್ತದೆ?" ಎಂದು ಕೇಳಿದರು.

ಸೀತು ಯೋಚಿಸಿ, "ಬಟ್ಟೆ ಒಣಗ್ತದೆ ಸಾರ್" ಎಂದಳು.

"ಮತ್ತೆ?"

"ಅಪ್ಪ ಸೌದೆ ತರ್ತಾನೆ. ಅಮ್ಮ ಬೈಯೂದಿಲ್ಲ."

ಇನ್‌ಸ್ಪೆಕ್ಟರು ನನ್ನ ಕಡೆ ನೋಡಿದರು. ಅವರ ಕೋಟು ಮೂಡಿಗೆರೆಯಿಂದ ಇಲ್ಲಿಯವರೆಗೆ ನೆನೆದು, ಅದರಿಂದ ನೀರು ಇನ್ನೂ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹುಡುಗಿಯ ಉತ್ತರವನ್ನು ಅವರ ಕೋಟು ಒಪ್ಪಿದರೂ ಪುಸ್ತಕ ಒಪ್ಪಲಿಲ್ಲ. 'ಪಾಠದಲ್ಲಿ ಹಿಂದುಳಿದಿದೆ' ಎಂದು ಷರಾ ಬರೆದು ಹೋದರು.

ಎರಡನೆಯವರಿಗೆ ವಿದ್ಯೆ ಎಂದರೆ ಡ್ರಿಲ್ಲು. ಮಕ್ಕಳು ಸಾಲಾಗಿ ನಿಂತರೆ ರಾಜ್ಯವೂ ಸಾಲಾಗಿ ನಿಲ್ಲುತ್ತದೆ ಎಂಬುದು ಅವರ ಸಿದ್ಧಾಂತ. ಕಷ್ಟವೇನೆಂದರೆ ಮಾವಿನಹಕ್ಲುವಿನಲ್ಲಿ ಸಮನಾದ ನೆಲವೇ ಇರಲಿಲ್ಲ. ಶಾಲೆಯ ಮುಂದೆ ಸಾಲು ನಿಲ್ಲಿಸಿದರೆ ಒಂದು ತುದಿಯ ಹುಡುಗ ಇನ್ನೊಂದು ತುದಿಯವನ ನೆತ್ತಿ ನೋಡುತ್ತಿದ್ದ. 'ಬಲಕ್ಕೆ ತಿರುಗು' ಎಂದರೆ ತಿರುಗಿದವರು ಹಳ್ಳದ ಕಡೆ ಜಾರುತ್ತಿದ್ದರು. ಇನ್‌ಸ್ಪೆಕ್ಟರು ಸುತ್ತ ಕಣ್ಣಾಡಿಸಿ, "ಅಲ್ಲಿ ಇದೆಯಲ್ಲ ಜಾಗ!" ಎಂದು ಗೌಡರ ಕಾಫಿ ಕಣವನ್ನು ತೋರಿಸಿದರು. ಗುಡ್ಡದ ಬುಡದಲ್ಲಿ ಇಟ್ಟಿಗೆ ಹಾಸಿದ, ಅಂಗೈಯಂತೆ ಸಮನಾದ ಕಣ. ಮಳೆಗಾಲದಲ್ಲಿ ಅದಕ್ಕೂ ಕೆಲಸವಿರುತ್ತಿರಲಿಲ್ಲ; ಗೌಡರು ಒಪ್ಪಿದರು. ಹೀಗೆ ಶಾಲೆಯು ಡ್ರಿಲ್ಲಿನ ನೆಪದಲ್ಲಿ ಮೊದಲ ಸಲ ಕಣಕ್ಕೆ ಕಾಲಿಟ್ಟಿತು.

ಮುಂದಿನ ವರ್ಷ ಒಂದು ಆದೇಶ ಬಂತು. ಹಾಜರಿ ತೆಳುವಾಗಿರುವ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸಲಾಗುವುದು. ಇನ್‌ಸ್ಪೆಕ್ಟರು ಸುಗ್ಗಿಯ ಕಾಲದಲ್ಲೇ ಬಂದು ಮಕ್ಕಳನ್ನು ಕಣ್ಣಾರೆ ಎಣಿಸುವರು. ನಮಗೆ ಹತ್ತಿರದ ಶಾಲೆ ಇದ್ದದ್ದು ಹಳ್ಳದ ಆಚೆ, ಕಾಡು ದಾಟಿ. ಗಂಡುಮಕ್ಕಳನ್ನೇ ಕಳಿಸುವವರಿಲ್ಲ, ಹೆಣ್ಣುಮಕ್ಕಳ ಮಾತು ಬೇಡ. ಸುಗ್ಗಿಯಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಹೆಸರುಗಳೇನೋ ತುಂಬಿದ್ದವು. ಮಕ್ಕಳು ಮಾತ್ರ ತಾಯಂದಿರ ಜೊತೆ ಗಿಡಗಳ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುತ್ತಿದ್ದರು.

ಬಾಬಣ್ಣ ಒಂದು ಸಂಜೆ ಬಂದು ಜಗಲಿಯಲ್ಲಿ ಕೂತ. ಮಾತು ಕಡಿಮೆಯ ಮನುಷ್ಯ. ಎಲೆಅಡಿಕೆ ಹಾಕಿ ಮುಗಿಸಿದ ಮೇಲೆ, "ಮುಚ್ತಾರಂತೆ ಹೌದಾ?" ಎಂದ.

"ಮಕ್ಕಳು ಕಾಣದಿದ್ದರೆ ಮುಚ್ಚುತ್ತಾರೆ."

"ನಿಮ್ಗೆ ಒಳ್ಳೇದೇ ಅಲ್ವಾ ಮೇಷ್ಟ್ರೇ. ನಿಮ್ಮೂರ ಕಡೆಗೇ ಹಾಕ್ತಾರೆ."

ನನ್ನ ಊರಿನಲ್ಲಿ ನನಗಾಗಿ ಬಾಗಿಲು ತೆಗೆಯುವವರು ಆಗಲೇ ಯಾರೂ ಉಳಿದಿರಲಿಲ್ಲ. ಅದನ್ನು ಹೇಳಿದರೆ ಅವನು ಇನ್ನೊಂದು ಎಲೆ ಹಾಕುವವರೆಗೆ ಕೂರಬೇಕಾಗುತ್ತಿತ್ತು.

"ಸೀತು ಪುಸ್ತಕ ಓದ್ತಾಳೆ ಈಗ," ಎಂದ ಅವನು. "ಅರ್ಧದಲ್ಲಿ ಬಿಟ್ರೆ ಎಂತಕ್ಕೆ ಬಂತು? ಬಿಟ್ಟಳು ಅಂದ್ರೆ ನಾಳೆಯೇ ಕಣಕ್ಕೆ ಹಚ್ತಾರೆ." ಎದ್ದು ನಿಂತು, "ನಾನೇ ಹಚ್ಬೇಕಾಗ್ತದೆ," ಎಂದ. ಹೊರಟು ಹೋದ.

ಮರುದಿನ ಕಣದ ಅಂಚಿನಲ್ಲಿ ನಿಂತು ಬಾಬಣ್ಣನ ಕೆಲಸ ನೋಡಿದೆ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಕಾಫಿಬೀಜಕ್ಕೆ ತೋಟದವರು ಪಾರ್ಚ್‌ಮೆಂಟು ಎನ್ನುತ್ತಾರೆ. ಅದನ್ನು ಕಣದ ತುಂಬ ಹರಡಿ, ಬಿಸಿಲು ಇರುವಷ್ಟು ಹೊತ್ತೂ ಕಾಲಿನಿಂದಲೋ ಹಲಗೆಯಿಂದಲೋ ಎಳೆದು ಎಳೆದು ಮೇಲುಕೆಳಗು ಮಾಡುತ್ತಿರಬೇಕು. ಬಾಬಣ್ಣ ಕಾಲೆಳೆದು ನಡೆದಲ್ಲೆಲ್ಲ ಬಿಳಿ ಬೀಜದ ನಡುವೆ ಒಂದು ಗೆರೆ ಬೀಳುತ್ತಿತ್ತು. ಅವನು ತಿರುಗಿದಲ್ಲಿ ಗೆರೆಯೂ ತಿರುಗುತ್ತಿತ್ತು. ಒಂದು ಕಡೆ ಅವನು ಸುತ್ತಿ ಬಂದು ನಿಂತಾಗ ನೋಡುತ್ತೇನೆ, ನೆಲದ ಮೇಲೆ ಗಾಡಿಯಷ್ಟು ದೊಡ್ಡ 'ರ' ಬಿದ್ದಿದೆ. ತಲಕಟ್ಟು ಒಂದು ಇರಲಿಲ್ಲ.

ಮೇಷ್ಟರುಗಳನ್ನು ತಯಾರು ಮಾಡುವ ನಾರ್ಮಲ್ ಸ್ಕೂಲಿನಲ್ಲಿ ನಮಗೆ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಿಸಬೇಕೆಂದು ಕಲಿಸಿದ್ದರು. ಮಾವಿನಹಕ್ಲುವಿನಲ್ಲಿ ಒಣ ಮರಳು ಎಲ್ಲಿಂದ ಬರಬೇಕು? ಇಲ್ಲಿ ಒಣಗಲೇಬೇಕೆಂದು ಜನ ಹಟ ಹಿಡಿದಿದ್ದ ವಸ್ತು ಕಾಫಿ ಒಂದೇ.

ರೈಟರ್ ಶೀನಪ್ಪನವರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. "ಕಾಫಿ ಮೇಲೆ ಅ ಆ ಇ ಈ! ಧಣಿಗಳು ಕೇಳಿದ್ರೆ ಎಂತ ಹೇಳ್ಲಿ ಮಾರಾಯ್ರೇ?"

"ಆಳಿಲ್ಲದೆ ಕಣ ಎಳೆದಂತಾಗುತ್ತದೆ ಎಂದು ಹೇಳಿ."

ನಗು ನಿಂತಿತು. "ಹಾಗಾದ್ರೆ ಕಣದ ಹೆಂಗಸರನ್ನು ಕೊಯ್ಲಿಗೆ ಹಾಕ್ಬಹುದು," ಎಂದು ಮೀಸೆ ನೀವಿದರು. "ಮೇಷ್ಟ್ರೇ, ವಿದ್ಯೆಯಿಂದ ಇಷ್ಟೆಲ್ಲ ಪ್ರಯೋಜನ ಉಂಟು ಅಂತ ನನಗೆ ಯಾರೂ ಹೇಳ್ಲೇ ಇಲ್ಲ."

ಹೀಗೆ ಶಾಲೆ ಕಣಕ್ಕೆ ಬಂತು. ಹೆಕ್ಕುವ ಮಕ್ಕಳೆಲ್ಲ ಎಳೆಯುವ ಮಕ್ಕಳಾದರು. ನಾನು ಕಣದ ಅಂಚಿನಲ್ಲಿ ಹಲಗೆ ನಿಲ್ಲಿಸಿ ಒಂದು ಅಕ್ಷರ ಬರೆಯುವುದು; ಮಕ್ಕಳು ಸಾಲಾಗಿ ಅದರ ದಾರಿ ಹಿಡಿದು ಕಾಲೆಳೆಯುತ್ತ ನಡೆಯುವುದು; ಮುಂದೆ ಸೀತು. ಒಂದು ಅಕ್ಷರ ಆಯಿತೆಂದರೆ ಬಾಬಣ್ಣ ಹಲಗೆಯಿಂದ ಅದನ್ನು ಅಳಿಸಿ ಹರಡಿ, "ಇನ್ನೊಂದು ಬರ್ಲಿ" ಎನ್ನುವನು. ಅಳಿಸುವುದೇ ಅಲ್ಲಿಯ ಮುಖ್ಯ ಕೆಲಸ. ಬರೆದದ್ದು ಉಳಿಯಬಾರದು, ಆಗಲೇ ಕಾಫಿ ಒಣಗುವುದು. ಇಂಥ ಶಾಲೆಯನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಫಲ ನನಗೇ ನಂಬಿಕೆಯಾಗದಂತೆ ಬಂತು. ಸ್ಲೇಟಿನ ಮೇಲೆ 'ಈ' ಬರೆಯಲಾರದೆ ವಾರಗಟ್ಟಲೆ ಅತ್ತ ಮಗು ಅದರೊಳಗೆ ನಡೆದು ಒಂದು ಬೆಳಗ್ಗೆ ಕಲಿಯಿತು. ಕೈಯಿಂದ ಕಲಿಯುವ ಮಕ್ಕಳಿದ್ದಾರೆ, ಕಿವಿಯಿಂದ ಕಲಿಯುವವರಿದ್ದಾರೆ. ಕಾಲಿನಿಂದ ಕಲಿಯುವವರೂ ಇದ್ದಾರೆ ಎಂಬುದು ಇಲಾಖೆಗೆ ಗೊತ್ತಿರಲಿಲ್ಲ. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ: ದಡ್ಡ ಎಂದು ಬರೆಯುವ ಮುಂಚೆ ಮಗುವಿನ ಉಳಿದ ಅವಯವಗಳನ್ನೂ ಒಮ್ಮೆ ವಿಚಾರಿಸಿ.

ಇನ್ನೊಂದು ಸಂಗತಿ ನಾನು ಯೋಚಿಸದೆಯೇ ನಡೆಯಿತು. ಕಣದ ಮೇಲುಗಡೆಯ ಗುಡ್ಡವೆಲ್ಲ ಕೊಯ್ಲಿನ ಹೆಂಗಸರು. ಅವರಲ್ಲಿ ಅಕ್ಕಮ್ಮ ಎಂಬಾಕೆಯ ಗಂಟಲು ಇಡೀ ತೋಟಕ್ಕೆ ಗೊತ್ತು. ಒಂದು ದಿನ ಅವಳು ಮೇಲಿನಿಂದ ಕೂಗಿದಳು: "ಮೇಷ್ಟ್ರೇ, ಇವತ್ತು ಎಂತದು ಅದು, ಹಾವು ಮಲಗಿದ ಹಾಗೆ?"

"'ಎ' ಅಮ್ಮಾ."

"ಎ ಅಂದ್ರೆ?"

"ಎ ಅಂದ್ರೆ ಎ."

"ಸಾಕು, ದೊಡ್ಡ ವಿದ್ಯೆ!" ಎಂದಳು. ಗುಡ್ಡವೆಲ್ಲ ನಕ್ಕಿತು.

ವಾರ ಕಳೆದ ಮೇಲೆ ಅಕ್ಕಮ್ಮ ಬುಟ್ಟಿ ಇಳಿಸಿ ಮನೆಗೆ ಹೋಗುವ ದಾರಿಯಲ್ಲಿ ಶಾಲೆಯ ಮುಂದೆ ನಿಂತು, ಕಡ್ಡಿ ತೆಗೆದುಕೊಂಡು ಧೂಳಿನಲ್ಲಿ ಏನೇನೋ ಗೀಚಿದಳು. "ಓದಿ ನೋಡುವಾ" ಎಂದು ನನಗೇ ಪರೀಕ್ಷೆ. ನನಗೆ ಒಂದೂ ತಿಳಿಯಲಿಲ್ಲ. ತೆಲುಗೂ ಅಲ್ಲ, ತಮಿಳೂ ಅಲ್ಲ. ಅವಳ ಮುಖ ಸಣ್ಣದಾಯಿತು. "ನಿಮ್ಮ ಮಕ್ಕಳು ಬರೆದದ್ದನ್ನೇ ಅಲ್ವಾ ನಾನು ಬರೆದದ್ದು?" ಎಂದಳು. ಆಗ ಹೊಳೆಯಿತು. ಸುತ್ತಿ ಆಚೆ ಬದಿಗೆ ಹೋಗಿ ನಿಂತೆ. ಅ, ಗ, ದ, ಎ, ಎಲ್ಲ ಸ್ಪಷ್ಟವಾಗಿದ್ದವು. ಮಕ್ಕಳು ಗುಡ್ಡದ ಬದಿಗಿದ್ದ ಹಲಗೆಯ ಕಡೆ ಮುಖಮಾಡಿ ಬರೆಯುತ್ತಿದ್ದರು. ಗುಡ್ಡದ ಹೆಂಗಸರು ಅದನ್ನು ತಲೆಕೆಳಗಾಗಿ ನೋಡಿ ಹಾಗೆಯೇ ಕಲಿತಿದ್ದರು. ಅವಳು ಕಲಿತದ್ದರಲ್ಲಿ ತಪ್ಪಿರಲಿಲ್ಲ. ನಾನು ನಿಂತಿದ್ದ ಜಾಗ ತಪ್ಪಾಗಿತ್ತು.

ಮರುದಿನದಿಂದ ಹಲಗೆಯನ್ನು ಕಣದ ಇನ್ನೊಂದು ಬದಿಗೆ ಸಾಗಿಸಿದೆ. ಅಕ್ಷರಗಳೆಲ್ಲ ಗುಡ್ಡಕ್ಕೆ ಮುಖಮಾಡಿದವು. ಗುಡ್ಡದ ಮೇಲೆ ಎಷ್ಟು ಜನ ಕಲಿಯುತ್ತಿದ್ದರೋ ತಿಳಿಯದು. ಒಂದೊಂದು ಅಕ್ಷರ ಮುಗಿದಾಗಲೂ ಗಿಡಗಳ ನಡುವಿನಿಂದ ಒಂದೊಂದು ದನಿ ಬರುತ್ತಿತ್ತು. ಸಂಜೆ ಒಲೆಯ ಮುಂದೆ ಕೂತಾಗಲೂ ಆ ದನಿಗಳು ಕಿವಿಯಲ್ಲಿ ಇರುತ್ತಿದ್ದವು. ಆ ಸುಗ್ಗಿಯಲ್ಲಿ ಹತ್ತೊಂಬತ್ತರ ಮಗ್ಗಿ ಹೇಳಿದ ನೆನಪು ನನಗಿಲ್ಲ.

ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾಯಿತು. ಇವರು ಮೂರನೆಯವರು, ವಿದ್ಯೆ ಎಂದರೆ ನವೀನ ವಿಧಾನ ಎಂಬ ಪಕ್ಷದವರು. ಬೆಳಗ್ಗೆಯೇ ಬರುತ್ತಾರೆಂದು ಸುದ್ದಿ. ಆ ದಿನ ಆಗಷ್ಟೇ ತೊಳೆದ ಕಾಫಿಯನ್ನು ಕಣಕ್ಕೆ ಹಾಕಿದ್ದರು. ಹಸಿ ಕಾಫಿ ಒಣ ಕಾಫಿಯಂತೆ ಜಾರುವುದಿಲ್ಲ. ಎಳೆದಲ್ಲಿ ಏರಿ ನಿಲ್ಲುತ್ತದೆ. ಮಕ್ಕಳು 'ಮಾವಿನಹಕ್ಲು ಶಾಲೆ' ಎಂದು ಕಣದ ಉದ್ದಕ್ಕೂ ಬರೆದರು. ಬದುಗಳಂತೆ ಎದ್ದು ನಿಂತ ಅಕ್ಷರಗಳು. ಅಂಥ ಬರಹವನ್ನು ನಾನು ಅಚ್ಚಿನಲ್ಲೂ ಕಂಡಿಲ್ಲ. ಶೀನಪ್ಪನವರು ಸುತ್ತ ನಡೆದು ನೋಡಿ ಮೆಚ್ಚಿದರು.

ಬೆಳಗ್ಗೆ ಕಳೆಯಿತು; ಸಾಹೇಬರು ಬರಲಿಲ್ಲ. ಬಿಸಿಲು ಏರಿತು. ಬಾಬಣ್ಣ ಹಲಗೆ ಹಿಡಿದು ಕಣದ ಅಂಚಿಗೆ ಬಂದ.

"ಅಳಿಸ್ಬೇಡ!" ಎಂದು ಶೀನಪ್ಪನವರು ಕೂಗಿದರು.

"ಹಸಿ ಕಾಫಿ ರೈಟ್ರೇ. ಗುಪ್ಪೆ ಹಾಕಿ ಹೀಗೆ ಬಿಟ್ರೆ ಮೇಲಿನ ಬೀಜ ಒಡೀತದೆ, ಅಡಿಯದ್ದು ಬೆವರಿ ಹುಳಿ ಬರ್ತದೆ."

"ಸಾಹೇಬ್ರು ನೋಡ್ಲಿ ಮಾರಾಯ, ಆಮೇಲೆ ಎಳಿ."

"ಎಳೆದು ಮತ್ತೆ ಬರೆಸೋಣ ರೈಟರೇ," ಎಂದೆ ನಾನು. "ಮಕ್ಕಳಿಗೆ ಅಭ್ಯಾಸವಿದೆ."

"ಮತ್ತೆ ಇಷ್ಟು ಚಂದ ಬರ್ತದಾ ಮೇಷ್ಟ್ರೇ? ನಾವು ಎಳೀತಾ ಇರುವಾಗಲೇ ಅವ್ರು ಬಂದ್ರೆ? ನಿಮ್ಮ ಶಾಲೆ ಉಳೀಬೇಕಾ ಬೇಡ್ವಾ?"

ಬಾಬಣ್ಣ ನನ್ನ ಮುಖ ನೋಡಿದ, ಆಮೇಲೆ ಸೀತುವಿನ ಮುಖ ನೋಡಿದ. ಹಲಗೆಯನ್ನು ಗೋಡೆಗೆ ಒರಗಿಸಿ ಅದರ ಪಕ್ಕದಲ್ಲೇ ಕೂತ. ದಿನವೆಲ್ಲ ಆ ಅಕ್ಷರಗಳನ್ನು ಯಾರೂ ಮುಟ್ಟಲಿಲ್ಲ. ಮಕ್ಕಳು ಅಂಚಿನಲ್ಲಿ ಕೂತು ತೂಕಡಿಸಿದರು. ಗುಂಡಗೆ ಬರೆದ ಅಕ್ಷರದ ಮೇಲೆ ಮನುಷ್ಯನಿಗೆ ಎಂಥ ಮೋಹ ಹುಟ್ಟುತ್ತದೆ ಎಂಬುದನ್ನು ಆ ದಿನ ನೋಡಿದೆ.

ಸಾಹೇಬರು ದಾರಿಯಲ್ಲಿ ಬೇರೊಂದು ತೋಟದ ಬಂಗಲೆಯಲ್ಲಿ ಊಟಕ್ಕೆ ನಿಂತಿದ್ದರಂತೆ. ಊಟದ ನಂತರ ವಿಶ್ರಾಂತಿ. ಹೊತ್ತು ಇಳಿಯುವಾಗ ಗುಡ್ಡದ ದಾರಿಯಾಗಿ ಬಂದರು. ತಿರುವಿನಲ್ಲಿ ನಿಂತು ಕೆಳಗೆ ನೋಡಿದವರು ತಲೆಯ ಮೇಲಿನ ಹ್ಯಾಟು ತೆಗೆದರು. ಇಳಿಬಿಸಿಲಿನಲ್ಲಿ ಬದುಗಳ ನೆರಳು ಬಿದ್ದು ಅಕ್ಷರಗಳು ಇನ್ನೂ ಎದ್ದು ಕಾಣುತ್ತಿದ್ದವು.

ಇಳಿದು ಬಂದು ಮಕ್ಕಳನ್ನು ಎಣಿಸಿದರು. ಹಾಜರಿ ಪೂರ್ತಿ. "ಇದು ಯಾವ ವಿಧಾನ ಮೇಷ್ಟ್ರೇ?" ಎಂದು ಕೇಳಿದರು.

"ಕಾಫಿ ಒಣಗಿಸುವ ವಿಧಾನ ಸಾರ್" ಎಂದೆ.

ಅವರು ವಿನಯವೆಂದು ತಿಳಿದರು. ಅಲ್ಲಿಯೇ ನಿಂತು ಅದಕ್ಕೆ 'ಪಾದಲೇಖನ ಪದ್ಧತಿ' ಎಂದು ನಾಮಕರಣ ಮಾಡಿದರು. ಅಷ್ಟರಲ್ಲಿ ಮೇಲಿನ ಗಿಡಗಳ ನಡುವಿನಿಂದ ಅಕ್ಕಮ್ಮನ ಗಂಟಲು ಕೇಳಿಸಿತು, ಒಂದೊಂದೇ ಅಕ್ಷರ, ಬೆಟ್ಟ ಹತ್ತುವವರ ಉಸಿರಿನಂತೆ: "ಮಾ... ವಿ... ನ... ಹ... ಇದೊಂದು ಗೊತ್ತಾಗೂದಿಲ್ಲ, ಹೊಟ್ಟೆ ಅಡಿಗೆ ಎಂತದೋ ನೇತಾಡ್ತದೆ... ಶಾ... ಲೆ. ಶಾಲೆ! ಶಾಲೆ ಅಂತ ಬರೆದಿದ್ದಾರೆ ಕಣ್ರೇ!"

ಗುಡ್ಡದಲ್ಲಿ ಈ ಸಲ ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರು ತಲೆ ಎತ್ತಿ, "ಯಾರು ಅದು?" ಎಂದರು.

"ಅವರು ಹಾಜರಿಯಲ್ಲಿಲ್ಲ ಸಾರ್."

"ಸರಿ, ಬಿಡಿ" ಎಂದು ಅವರು ಬರೆದುಕೊಳ್ಳುವುದನ್ನು ಮುಂದುವರಿಸಿದರು. ನನ್ನ ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ಒಬ್ಬರು ಓದಲು ಕಲಿತದ್ದನ್ನು ನಾನು ಕಿವಿಯಾರೆ ಕೇಳಿದ್ದು ಅದೊಂದೇ ಸಲ. ಅದು ಯಾವ ವರದಿಯಲ್ಲೂ ಸೇರಲಿಲ್ಲ.

ವರದಿ ಅದ್ಭುತವಾಗಿತ್ತು. ಶಾಲೆಯನ್ನು ಮುಚ್ಚಬಾರದೆಂದು ಶಿಫಾರಸು ಮಾಡಿದ್ದರು. ಶೀನಪ್ಪನವರು ಮಕ್ಕಳಿಗೆಲ್ಲ ಬೆಲ್ಲ ಹಂಚಿದರು.

ಕಾಫಿಯ ವರದಿ ಬರಲು ಸ್ವಲ್ಪ ತಡವಾಯಿತು. ಹದ ಮಾಡಿ ಬೆಲೆ ಕಟ್ಟುವ ಕಾರ್ಖಾನೆಯವರು ಆ ಮಾಲನ್ನು ಸುಲಿದು ನೋಡಿದಾಗ ಅರ್ಧ ಬೀಜ ಬಿಳಿಚಿಕೊಂಡು, ಅರ್ಧ ಕಪ್ಪಾಗಿ ಹುಳಿ ವಾಸನೆ ಹೊಡೆಯುತ್ತಿತ್ತಂತೆ. ಗೌಡರು ನನ್ನನ್ನು ಕರೆಸಿದರು. ಕೂಗಾಡುವ ಜನವಲ್ಲ ಅವರು. ಒಂದು ಹಿಡಿ ಬೀಜವನ್ನು ನನ್ನ ಅಂಗೈಗೆ ಹಾಕಿ, "ನೋಡಿ ಮೇಷ್ಟ್ರೇ. ನಿಮ್ಮ ಮಕ್ಕಳ ಬರಹ ಇಲ್ಲಿ ಇನ್ನೂ ಕಾಣ್ತದೆ," ಎಂದರು.

"ಅವತ್ತು ಅಳಿಸಬೇಕಿತ್ತು," ಎಂದೆ.

"ಹೌದು. ಬಾಬಣ್ಣ ಹೇಳಿದ್ನಂತೆ. ಅವನು ಹೇಳಿದ್ದಕ್ಕೆ ನಾನೇನೂ ಅವನನ್ನ ಬೈಲಿಲ್ಲ, ರೈಟ್ರನ್ನೂ ಬೈಲಿಲ್ಲ. ಶಾಲೆಗೆ ಗೋದಾಮು ಕೊಟ್ಟಿದ್ದೀನಿ, ಅದು ನಿಮ್ಮದೇ. ಆದ್ರೆ ಕಣ ಕಾಫೀದು." ನನ್ನ ಅಂಗೈಯ ಬೀಜವನ್ನು ಹಿಂದಕ್ಕೆ ತೆಗೆದುಕೊಂಡು, "ಊಟ ಮಾಡ್ಕೊಂಡು ಹೋಗಿ," ಎಂದರು. ಊಟ ಮಾಡಿದೆ. ಊಟದ ನಂತರ ಕಾಫಿ ಕೊಟ್ಟರು. ಅದು ಚೆನ್ನಾಗಿತ್ತು.

ಮಳೆ ಹಿಡಿಯುವ ಮುಂಚೆ ಘಟ್ಟದ ಕೆಳಗಿನವರು ಇಳಿದು ಹೋದರು. ಅಕ್ಕಮ್ಮ ಹೋಗುವಾಗ ಜಗಲಿಯ ಹತ್ತಿರ ಬಂದು, ಆ ಹೊಟ್ಟೆಯ ಕೆಳಗೆ ನೇತಾಡುವ ಅಕ್ಷರ ಯಾವುದು ಎಂದು ಕೇಳಿದಳು. ಧೂಳಿನಲ್ಲಿ ಬರೆದು ತೋರಿಸಿದೆ. ಎರಡು ಸಲ ತಾನೂ ಬರೆದಳು, ಮೂರನೆಯ ಸಲ ಕಣ್ಣು ಮುಚ್ಚಿ ಬರೆದಳು. "ಬರ್ತೇನೆ ಮೇಷ್ಟ್ರೇ" ಎಂದಳು. ಮುಂದಿನ ಸುಗ್ಗಿಗೆ ಅವಳ ಸಂಸಾರ ಆಲ್ದೂರಿನ ಕಡೆಯ ಬೇರೊಂದು ತೋಟಕ್ಕೆ ಹೋಯಿತು. ಆ ಮಳೆಗಾಲ ಸೀತು ಕಂಬಳಿಕೊಪ್ಪೆ ಕೊಡವಿ, ಎಂದಿನ ಪ್ರಶ್ನೆ ಕೇಳಿ ಕೂರುವಳು. ಅವಳು ಹೋದ ಮೇಲೆ ನಾನು ಮತ್ತು ಹೊಟ್ಟು.

ಅಷ್ಟರಲ್ಲಿ 'ಪಾದಲೇಖನ ಪದ್ಧತಿ' ಸುತ್ತೋಲೆಯಾಗಿ ಹೊರಟಿತ್ತು. ಎಲ್ಲ ಶಾಲೆಗಳಲ್ಲೂ ಅದನ್ನು ಆಚರಣೆಗೆ ತರಬೇಕು. ಕಾಫಿ ದೊರೆಯದ ಕಡೆ ರಾಗಿಯನ್ನೋ ಹುರುಳಿಯನ್ನೋ ಬಳಸಬಹುದು. ನಮ್ಮ ಕಡೆಯ ಒಬ್ಬ ಮೇಷ್ಟರು ಶಾಲೆಯ ಅಂಗಳದಲ್ಲಿ ಹುರುಳಿ ಹರಡಿ ಮಕ್ಕಳನ್ನು ನಡೆಸಿದರಂತೆ. 'ಕ'ಕಾರದ ಹೊತ್ತಿಗೆ ಊರಿನ ದನಗಳು ಬಂದು ಪಾಠವನ್ನು ಮುಗಿಸಿದವಂತೆ.

ಮುಂದಿನ ಸುಗ್ಗಿಯಲ್ಲಿ ಮಕ್ಕಳು ಮತ್ತೆ ಗಿಡಗಳ ಬುಡಕ್ಕೆ ಹೋದರು. ನಾಲ್ಕನೆಯ ಇನ್‌ಸ್ಪೆಕ್ಟರು ಬಂದರು. ಅವರಿಗೆ ವಿದ್ಯೆ ಎಂದರೆ ಅಂಕಿಅಂಶ. ಶಾಲೆಯಲ್ಲಿ ಸೀತು ಇದ್ದಳು, ಇನ್ನಿಬ್ಬರು ಇದ್ದರು, ನಾನಿದ್ದೆ. "ಪಾದಲೇಖನಕ್ಕೆ ಹೆಸರಾದ ಶಾಲೆ ಇದೇನಾ?" ಎಂದು ಕೇಳಿದರು. ಹೌದೆಂದೆ. "ತೋರಿಸಿ" ಎಂದರು. ತೋರಿಸಲು ಜಾಗವಿಲ್ಲ ಎಂದೆ. ಬಾಗಿಲಿನಿಂದಲೇ ಕಣ ಕಾಣುತ್ತಿತ್ತು. ಬಾಬಣ್ಣ ಅದರಲ್ಲಿ ಕಾಲೆಳೆಯುತ್ತ ನಡೆಯುತ್ತಿದ್ದ. ಅವರು ಅತ್ತ ನೋಡಲಿಲ್ಲ.

ಜೂನ್ ತಿಂಗಳಿನಲ್ಲಿ ಮಾವಿನಹಕ್ಲು ಶಾಲೆಯನ್ನು ಮುಚ್ಚಿದರು. ನನ್ನನ್ನು ಬಯಲುಸೀಮೆಗೆ ವರ್ಗ ಮಾಡಿದರು. ಕಪ್ಪು ಹಲಗೆಯನ್ನು ಬಾಬಣ್ಣ ಎರಡು ತುಂಡು ಮಾಡಿ, ಹಿಡಿ ಹಾಕಿ, ಕಾಫಿ ಎಳೆಯುವ ಹಲಗೆ ಮಾಡಿಕೊಂಡ. ಸೀತು ಹಳ್ಳದ ಆಚೆಯ ಶಾಲೆಗೆ ಹೋಗಲಿಲ್ಲ. ಆ ವರ್ಷದ ಸುಗ್ಗಿಯಿಂದ ಕಣದ ಕೆಲಸಕ್ಕೆ ಸೇರಿದಳು.